ಕೊಲೆ ಆಮೇಲೆ, ಮೊದಲು ಊಟ: ಟೀಟಾ ರೋಸಿಯ ಅಡುಗೆಮನೆಯಿಂದ ಒಂದು ಓದಿನ ಪಾಠ



ಈ ಸಲದ ಓದಿನ ಪಾಠಕ್ಕೆ ನಾವು ಆರಿಸಿಕೊಂಡಿರೋದು ಕುವೆಂಪು ಅಲ್ಲ, ಬೇಂದ್ರೆ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಒಂದು ಪುಟ್ಟ ಊರಲ್ಲಿ ಹೋಟೆಲ್ ನಡೆಸುವ ಫಿಲಿಪಿನೊ ಕುಟುಂಬವೊಂದರ ಕಥೆ. ಅದೂ ಕೊಲೆ ಕಥೆ. ಕನ್ನಡ ಸಂಘದ ಪತ್ರಿಕೆಯಲ್ಲಿ ಇದ್ಯಾಕ್ರೋ ಅಂತ ಸಂಪಾದಕರು ಕೇಳಿದ್ರು. ಬರೆದು ಮುಗಿಸ್ತೀವಿ, ಆಮೇಲೆ ಬೇಕಾದ್ರೆ ಕಿತ್ತುಹಾಕಿ ಅಂದ್ವಿ.

ಮೊದಲೇ ಹೇಳಿಬಿಡ್ತೀವಿ, ನಾವು ಸಾಹಿತ್ಯದ ವಿದ್ಯಾರ್ಥಿಗಳಲ್ಲ. ಐದು ಜನ, ಎಲ್ಲರೂ ಸೆಕೆಂಡ್ ಇಯರ್, ಎಲ್ಲರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಉದ್ದಕ್ಕೆ ಬರೆದದ್ದು ಹತ್ತನೇ ಕ್ಲಾಸಿನ ಪ್ರಬಂಧವೇ ಕೊನೆ. ಹಾಗಾಗಿ ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ. ಗುರುವಾರ ಸಂಜೆ ಲ್ಯಾಬ್ ಮುಗಿದ ಮೇಲೆ ಕ್ಯಾಂಟೀನ್ ಹಿಂದಿನ ಕಟ್ಟೆ ಮೇಲೆ ಕೂತು ಓದಿದ್ದು, ಜಗಳ ಆಡಿದ್ದು, ಎರಡನ್ನೂ ಇಲ್ಲಿ ಇಡ್ತಾ ಇದ್ದೀವಿ.

ಸರಣಿಯ ಲೇಖಕಿ ಮಿಯಾ ಪಿ. ಮನಾನ್ಸಾಲಾ. ಶಿಕಾಗೋದವರು, ಫಿಲಿಪಿನೊ ಮೂಲದ ಅಮೆರಿಕನ್. ಮೊದಲ ಪುಸ್ತಕ 'ಆರ್ಸೆನಿಕ್ ಅಂಡ್ ಅಡೋಬೊ' 2021ರಲ್ಲಿ ಬಂತು, ಅತ್ಯುತ್ತಮ ಮೊದಲ ಕಾದಂಬರಿಗೆ ಕೊಡುವ ಅಗಾಥಾ ಪ್ರಶಸ್ತಿಯನ್ನೂ ಪಡೀತು. ಆಮೇಲೆ 2022ರಲ್ಲಿ ಎರಡು: 'ಹೋಮಿಸೈಡ್ ಅಂಡ್ ಹಾಲೊ-ಹಾಲೊ', 'ಬ್ಲ್ಯಾಕ್‌ಮೇಲ್ ಅಂಡ್ ಬಿಬಿಂಗ್ಕಾ'. 2023ರಲ್ಲಿ 'ಮರ್ಡರ್ ಅಂಡ್ ಮಮೋನ್', 2024ರಲ್ಲಿ 'ಗಿಲ್ಟ್ ಅಂಡ್ ಗಿನಾಟಾನ್', 2025ರಲ್ಲಿ 'ಡೆತ್ ಅಂಡ್ ದಿನುಗ್ವಾನ್'. ಹೆಸರಿನ ಸೂತ್ರ ನೀವೇ ಹಿಡಿದಿರ್ತೀರಿ. ಒಂದು ಅಪರಾಧ, ಒಂದು ತಿಂಡಿ, ಎರಡಕ್ಕೂ ಒಂದೇ ಅಕ್ಷರದ ಪ್ರಾಸ. ನಾವು ನಾಲ್ಕು ಪುಸ್ತಕ ಪೂರ್ತಿ ಓದಿದ್ದೀವಿ, ಐದನೆಯದು ನಮ್ಮಲ್ಲಿ ಕೈಯಿಂದ ಕೈಗೆ ಓಡಾಡ್ತಾ ಇದೆ. ಕೊಲೆ ಮಾಡಿದ್ದು ಯಾರು ಅಂತ ಎಲ್ಲೂ ಹೇಳಲ್ಲ, ಧೈರ್ಯವಾಗಿ ಓದಿ.

ಕೋಜಿ ಅಂದ್ರೆ ಏನು?

ಈ ಜಾತಿಯ ಕಥೆಗೆ ಇಂಗ್ಲಿಷಲ್ಲಿ ಕೋಜಿ ಮಿಸ್ಟರಿ ಅಂತಾರೆ. ಮಳೆಗಾಲದಲ್ಲಿ ಕಂಬಳಿ ಹೊದ್ದು ಕಾಫಿ ಹಿಡ್ಕೊಂಡು ಕೂತಾಗ ಸಿಗೋ ಬೆಚ್ಚನೆಯ ಸುಖ ಇದೆಯಲ್ಲ, ಅದು ಕೋಜಿ. ಕೊಲೆ ಕಥೆಗೂ ಬೆಚ್ಚನೆಗೂ ಏನು ಸಂಬಂಧ? ಅದೇ ಇದರ ಮಜಾ. ಕೊಲೆ ಆಗುತ್ತೆ, ಆದರೆ ರಕ್ತ ಚೆಲ್ಲಾಡಲ್ಲ. ಊರು ಚಿಕ್ಕದು, ಎಲ್ಲರಿಗೂ ಎಲ್ಲರ ಪರಿಚಯ. ಪತ್ತೆ ಹಚ್ಚೋದು ಪೊಲೀಸ್ ಅಲ್ಲ, ಪ್ರೈವೇಟ್ ಡಿಟೆಕ್ಟಿವ್ವೂ ಅಲ್ಲ. ಬೇಕರಿ ಇಟ್ಟವರು, ಲೈಬ್ರರಿ ನೋಡ್ಕೊಳ್ಳೋರು, ಸ್ವೆಟರ್ ಹೆಣೆಯೋ ಅಜ್ಜಿ, ಇಂಥವರು. ಕೊನೆಗೆ ಕೊಲೆಗಾರ ಸಿಕ್ಕೇ ಸಿಕ್ತಾನೆ, ಊರು ಮತ್ತೆ ತಣ್ಣಗಾಗುತ್ತೆ.

ಇದರ ತಾಯಿಬೇರು ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್. 1930ರ 'ದಿ ಮರ್ಡರ್ ಅಟ್ ದಿ ವಿಕರೇಜ್' ಮಾರ್ಪಲ್ ಅಜ್ಜಿಯ ಮೊದಲ ಕಾದಂಬರಿ. ಅಜ್ಜಿಯ ವಿಧಾನ ಬಹಳ ಸರಳ: ಹಳ್ಳಿಯಲ್ಲಿ ಕೂತು ಜನರನ್ನ ನೋಡ್ತಾ ಇರೋದು, ಇವನು ಆ ಹಾಲಿನವನ ಮಗನ ಥರಾನೇ ಸುಳ್ಳು ಹೇಳ್ತಾನೆ ಅಂತ ಹೋಲಿಸೋದು. ಅಮೆರಿಕದಲ್ಲಿ ಇದು ಟಿವಿಗೂ ಬಂತು. 1984ರಿಂದ 1996ರವರೆಗೆ ಓಡಿದ 'ಮರ್ಡರ್, ಶೀ ರೋಟ್' ಧಾರಾವಾಹಿಯ ಕ್ಯಾಬಟ್ ಕೋವ್ ಅನ್ನೋ ಊರಲ್ಲಿ ಎಷ್ಟು ಕೊಲೆ ಆದ್ವು ಅಂದ್ರೆ, ಚಿಕ್ಕ ಊರಲ್ಲಿ ಲೆಕ್ಕ ಮೀರಿ ಹೆಣ ಬೀಳೋದಕ್ಕೆ ಜನ ಆ ಊರಿನ ಹೆಸರನ್ನೇ ಇಟ್ಟುಬಿಟ್ರು. ಅಡುಗೆಯ ಕೋಜಿಗಳು ಇನ್ನೊಂದು ಕವಲು. ಡಯಾನ್ ಮಾಟ್ ಡೇವಿಡ್ಸನ್ 1990ರಲ್ಲಿ, ಜೋಆನ್ ಫ್ಲೂಕ್ 2000ರಲ್ಲಿ ಶುರು ಮಾಡಿದ ಸರಣಿಗಳಲ್ಲಿ ಕಥೆಯ ಜೊತೆಗೆ ರೆಸಿಪಿಯೂ ಸಿಗುತ್ತೆ. ಟೀಟಾ ರೋಸಿ ಸರಣಿ ಈ ಕವಲಿನದ್ದೇ.

ನಮ್ಮಲ್ಲಿ ಪತ್ತೇದಾರಿ ಅಂದ್ರೆ ಅಜ್ಜಂದಿರಿಗೆ ನೆನಪಾಗೋದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಅದು ಬೇರೆ ಜಾತಿ. ಅಲ್ಲಿ ಪತ್ತೇದಾರ ಹೊರಗಿನಿಂದ ಬರ್ತಾನೆ, ಕೇಸ್ ಬಿಡಿಸ್ತಾನೆ, ಹೊರಡ್ತಾನೆ. ಕೋಜಿಯಲ್ಲಿ ಪತ್ತೇದಾರಿಣಿ ಎಲ್ಲಿಗೂ ಹೋಗೋ ಹಾಗಿಲ್ಲ. ಕೇಸ್ ಮುಗಿದ ಮರುದಿನ ಅದೇ ಬೀದಿಯಲ್ಲಿ, ಅದೇ ಜನರಿಗೆ, ಅದೇ ಕಾಫಿ ಮಾರಬೇಕು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಊರು, ಮನೆ, ಜನ

ಊರು ಶೇಡಿ ಪಾಮ್ಸ್, ಕಲ್ಪಿತ ಊರು. ನಾಯಕಿ ಲೀಲಾ ಮಕಪಗಾಲ್. (ಕನ್ನಡದಲ್ಲಿ ಬರೆದ ಕೂಡಲೇ ಪಕ್ಕದ ಮನೆ ಹುಡುಗಿ ಅನ್ಸುತ್ತೆ ಅಲ್ವಾ?) ಅಪ್ಪ ಅಮ್ಮ ಇಲ್ಲ. ಸಾಕಿದ್ದು ಟೀಟಾ ರೋಸಿ ಮತ್ತು ಲೋಲಾ ಫ್ಲೋರ್. ಶಿಕಾಗೋದಲ್ಲಿ ನಿಶ್ಚಯವಾಗಿದ್ದ ಮದುವೆ ಮುರಿದುಬಿದ್ದು ಲೀಲಾ ಮನೆಗೆ ವಾಪಸ್ ಬಂದಿದ್ದಾಳೆ. ಹೋಟೆಲ್ ನಷ್ಟದಲ್ಲಿದೆ. ಆಗ ಊರಿಗೇ ತಲೆನೋವಾಗಿರೋ ಒಬ್ಬ ಆಹಾರ ವಿಮರ್ಶಕ, ಅವಳ ಹಳೇ ಹುಡುಗ ಡೆರೆಕ್, ಹೋಟೆಲ್‌ಗೆ ಬಂದು ಊಟ ಮಾಡ್ತಾನೆ, ಲೀಲಾ ಜೊತೆ ಮಾತಿಗೆ ಮಾತು ಬೆಳೆಯುತ್ತೆ, ಅಲ್ಲೇ ಕುಸಿದು ಸಾಯ್ತಾನೆ. ಪೊಲೀಸರ ಕಣ್ಣು ಲೀಲಾ ಮೇಲೆ. ಕಟ್ಟಡದ ಮಾಲೀಕನಿಗೆ ಇವರನ್ನ ಖಾಲಿ ಮಾಡಿಸೋಕೆ ಒಳ್ಳೇ ನೆಪ.

ಸುತ್ತ ಇರೋರು: ಗೆಳತಿ ಅದೀನಾ ಅವಾನ್, ಪಾಕಿಸ್ತಾನಿ ಮೂಲದ ಕುಟುಂಬದ ಹುಡುಗಿ, ಕಾಫಿ ಮಾಡೋದ್ರಲ್ಲಿ ಎತ್ತಿದ ಕೈ. ಅವಳ ಅಣ್ಣ ಅಮೀರ್, ವಕೀಲ. ಲೊಂಗನೀಸಾ ಅನ್ನೋ ನಾಯಿ. ಅದು ಫಿಲಿಪಿನೊ ಸಾಸೇಜಿನ ಹೆಸರು, ನಾಯಿಯೂ ಉದ್ದಕ್ಕೆ ಹಾಗೇ ಇದೆ. ಮತ್ತೆ ಮೂವರು ನಿನಾಂಗ್‌ಗಳು: ಏಪ್ರಿಲ್, ಮೇ, ಜೂನ್. ಇವರಿಗೆ ಲೀಲಾ ಇಟ್ಟಿರೋ ಹೆಸರು ಕ್ಯಾಲೆಂಡರ್ ಕ್ರೂ. ಪ್ರೇಮಕ್ಕೆ ಒಬ್ಬ ದಂತವೈದ್ಯನೂ ಇದ್ದಾನೆ. ಆ ಭಾಗ ನಾವು ಬೇಗ ಬೇಗ ಓದಿ ದಾಟಿದ್ವಿ.

ಇಲಿನಾಯ್‌ನ ಜೋಳದ ಹೊಲಗಳ ನಡುವೆ ಫಿಲಿಪಿನೊಗಳು ಹೇಗೆ ಬಂದ್ರು? ಇದು ನಮಗೂ ಗೊತ್ತಿರಲಿಲ್ಲ, ಓದಿ ತಿಳ್ಕೊಂಡಿದ್ದು. ಫಿಲಿಪೀನ್ಸ್ ಮುನ್ನೂರು ವರ್ಷಕ್ಕೂ ಹೆಚ್ಚು ಸ್ಪೇನ್ ಕೈಯಲ್ಲಿತ್ತು. 1898ರಲ್ಲಿ ಯುದ್ಧ ಸೋತ ಸ್ಪೇನ್ ಅದನ್ನ 2 ಕೋಟಿ ಡಾಲರ್‌ಗೆ ಅಮೆರಿಕಕ್ಕೆ ಬಿಟ್ಟುಕೊಡ್ತು. ಸ್ವಾತಂತ್ರ್ಯ ಬಂದಿದ್ದು 1946 ಜುಲೈ 4ಕ್ಕೆ. ಅಂದ್ರೆ ಅಲ್ಲಿಯವರು ಅಮೆರಿಕಕ್ಕೆ ಹೋಗೋ ಮೊದಲೇ ಅಮೆರಿಕ ಅವರ ಮನೆಗೆ ಬಂದಿತ್ತು: ಇಂಗ್ಲಿಷ್ ಶಾಲೆ, ಅಮೆರಿಕನ್ ಪಠ್ಯ, ಅಮೆರಿಕನ್ ಮಾದರಿಯ ನರ್ಸಿಂಗ್ ತರಬೇತಿ. 1903ರಿಂದ ಸರ್ಕಾರಿ ಖರ್ಚಿನಲ್ಲಿ ಓದೋಕೆ ಹುಡುಗರು ಹೋದ್ರು. 1920ರ ದಶಕದಲ್ಲಿ ಶಿಕಾಗೋದ ಪುಲ್‌ಮನ್ ಕಂಪನಿ ರೈಲಿನ ಕೆಲಸಕ್ಕೆ ಫಿಲಿಪಿನೊಗಳನ್ನ ತಗೊಳ್ತು. ಆಮೇಲೆ ನರ್ಸ್‌ಗಳು: 1948ರ ವಿನಿಮಯ ಕಾರ್ಯಕ್ರಮದಲ್ಲಿ ಒಂದಷ್ಟು, 1965ರ ವಲಸೆ ಕಾಯ್ದೆ ಆದ ಮೇಲೆ ಇನ್ನೂ ಬಹಳ. ಇವತ್ತು ಅಮೆರಿಕದಲ್ಲಿ ಫಿಲಿಪಿನೊ ಮೂಲದವರು 40 ಲಕ್ಷಕ್ಕೂ ಹೆಚ್ಚು. ಕಥೆಯಲ್ಲಿ ಲೀಲಾಳ ಕಸಿನ್ ಬರ್ನಡೆಟ್ ನರ್ಸ್ ಆಗಿರೋದು ಸುಮ್ಮನೆ ಅಲ್ಲ. ಮಂಗಳೂರು ಕಡೆಯ ನಮ್ಮ ಗೆಳತಿ ಇದನ್ನ ಓದಿ, 'ನಮ್ಮ ಓಣಿಯಲ್ಲೂ ಮನೆಗೊಬ್ಬರು ಗಲ್ಫಲ್ಲೋ ಐರ್ಲೆಂಡಲ್ಲೋ ನರ್ಸ್' ಅಂದ್ಳು.

ಊಟ ಆಯ್ತಾ?

ಮೊದಲ ಪುಸ್ತಕದ ಶುರುವಿನಲ್ಲೇ ಒಂದು ಪದಪಟ್ಟಿ ಇದೆ. ಪಾತ್ರಗಳ ಹೆಸರು, ತಿಂಡಿಗಳ ಹೆಸರು, ಹೇಗೆ ಉಚ್ಚರಿಸೋದು, ಎಲ್ಲ. ಸಾಮಾನ್ಯವಾಗಿ ಇಂಥದ್ದನ್ನ ಹಾರಿಸಿಬಿಡ್ತೀವಿ. ಇಲ್ಲಿ ಹಾರಿಸ್ಬೇಡಿ. ಅರ್ಧ ಕಥೆ ಅಲ್ಲೇ ಇದೆ.

ಟೀಟಾ ಅಂದ್ರೆ ಆಂಟಿ, ಟೀಟೊ ಅಂದ್ರೆ ಅಂಕಲ್. ಸ್ಪ್ಯಾನಿಷ್‌ನಿಂದ ಬಂದ ಪದಗಳು. ಲೋಲಾ ಅಜ್ಜಿ, ಲೋಲೊ ಅಜ್ಜ. ಆಟೆ ಅಕ್ಕ, ಕೂಯಾ ಅಣ್ಣ. ನಿನಾಂಗ್ ಅಂದ್ರೆ ಮಗುವಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಆದಾಗ ಜವಾಬ್ದಾರಿ ಹೊರುವ ದೇವರ ತಾಯಿ. ರಕ್ತಸಂಬಂಧ ಇರಲೇಬೇಕು ಅಂತಿಲ್ಲ, ಆದರೆ ಸಂಬಂಧ ರಕ್ತಕ್ಕಿಂತ ಕಮ್ಮಿಯೇನಲ್ಲ. ಹಿರಿಯರ ಜೊತೆ ಮಾತಾಡುವಾಗ ವಾಕ್ಯಕ್ಕೆ 'ಪೊ' ಅಂತ ಸೇರಿಸ್ತಾರೆ, ನಮ್ಮ 'ರೀ' ಇದ್ದ ಹಾಗೆ. ಫಿಲಿಪಿನೊ ಮನೆಗೆ ಯಾರಾದ್ರೂ ಬಂದ್ರೆ ಮೊದಲ ಪ್ರಶ್ನೆ 'ಊಟ ಆಯ್ತಾ?' ಅಂತ. ನಮ್ಮಲ್ಲೂ ಅದೇ ತಾನೇ. ಅದು ಪ್ರಶ್ನೆ ಅಲ್ಲ, ಅದು ಹಲೋ. ಆಯ್ತು ಅಂದ್ರೂ ತಟ್ಟೆ ಬರುತ್ತೆ.

ತಿಂಡಿಗಳ ವಿಷಯಕ್ಕೆ ಬಂದ್ರೆ, ಹೆಸರು ಹೊಸದು, ಸಾಮಾನು ಎಲ್ಲ ನಮಗೆ ಪರಿಚಯದ್ದೇ. ಗಿನಾಟಾನ್ ಅಂದ್ರೆ ತೆಂಗಿನ ಹಾಲಲ್ಲಿ ಬೇಯಿಸಿದ್ದು. ಬಿಬಿಂಗ್ಕಾ ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಕೇಕ್. ಮಣ್ಣಿನ ಪಾತ್ರೆಗೆ ಬಾಳೆಲೆ ಹಾಸಿ, ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಬೇಯಿಸೋದು ಹಳೇ ಪದ್ಧತಿ, ಕ್ರಿಸ್ಮಸ್ ಹೊತ್ತಿಗೆ ವಿಶೇಷ. ಹಾಲೊ-ಹಾಲೊ ಅನ್ನೋ ಮಾತಿಗೆ ಕಲಸಿದ್ದು, ಬೆರೆಸಿದ್ದು ಅಂತ ಅರ್ಥ. ಎತ್ತರದ ಗ್ಲಾಸಿನಲ್ಲಿ ತುರಿದ ಐಸು, ಹಾಲು, ಬೀನ್ಸು, ಜೆಲ್ಲಿ, ಹಣ್ಣು, ಮೇಲೆ ಐಸ್‌ಕ್ರೀಮ್. ಮಂಗಳೂರಿನ ಗೆಳತಿ ತಕ್ಷಣ 'ಇದು ನಮ್ಮ ಗಡ್‌ಬಡ್' ಅಂದ್ಳು. ಪೂರ್ತಿ ಅಲ್ಲ, ಆದರೆ ಹೆಸರಿಡೋ ಬುದ್ಧಿ ಮಾತ್ರ ಒಂದೇ. ಅಡೋಬೊ ಹೆಸರು ಸ್ಪ್ಯಾನಿಷ್, ಅಡುಗೆ ಅಲ್ಲಿಯದ್ದೇ: ಮಾಂಸವನ್ನ ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು, ಸೋಯಾ ಸಾಸ್ ಹಾಕಿ ಬೇಯಿಸೋದು. ಫ್ರಿಜ್ ಇಲ್ಲದ ಕಾಲದಲ್ಲಿ ಸೆಕೆ ನಾಡಲ್ಲಿ ಮಾಂಸ ಕೆಡದ ಹಾಗೆ ಕಾಯ್ತಿದ್ದದ್ದು ಆ ಹುಳಿ.

ಆರನೇ ಪುಸ್ತಕದ ಹೆಸರು ನಮಗೆ ತುಂಬಾ ಹಿಡಿಸ್ತು. ದಿನುಗ್ವಾನ್ ಅಂದ್ರೆ ಹಂದಿಯ ರಕ್ತದಲ್ಲಿ ಮಾಡೋ ಸಾರು. ರಕ್ತ ತೋರಿಸಬಾರದು ಅನ್ನೋದು ಕೋಜಿಯ ನಿಯಮ. ಅವರು ರಕ್ತವನ್ನ ಪಾತ್ರೆಗೆ ಹಾಕಿ ಹೆಸರಲ್ಲೇ ಇಟ್ಟುಬಿಟ್ಟಿದ್ದಾರೆ!

ಆರ್ಸೆನಿಕ್ ಬಗ್ಗೆ ಒಂದು ಸಣ್ಣ ಅಡ್ಡದಾರಿ, ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ಅಲ್ವಾ. ಬಿಳಿ ಆರ್ಸೆನಿಕ್‌ಗೆ ಹೆಚ್ಚು ರುಚಿ ಇಲ್ಲ, ವಾಸನೆ ಇಲ್ಲ, ಹಿಟ್ಟಿನಲ್ಲಿ ಕಲೆತರೆ ಕಾಣಲ್ಲ. ಯೂರೋಪಲ್ಲಿ ಇಲಿ ಪಾಷಾಣ ಅಂತ ಅಂಗಡಿಯಲ್ಲೇ ಸಿಗ್ತಿತ್ತು. ಆಸ್ತಿಗಾಗಿ ಮನೆಯವರೇ ಮನೆಯವರಿಗೆ ಹಾಕ್ತಿದ್ರಂತ ಅದಕ್ಕೆ 'ವಾರಸುದಾರಿಕೆಯ ಪುಡಿ' ಅನ್ನೋ ಅಡ್ಡಹೆಸರೂ ಇತ್ತು. 1836ರಲ್ಲಿ ಜೇಮ್ಸ್ ಮಾರ್ಷ್ ಅನ್ನೋ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಪರೀಕ್ಷೆ ಕಂಡುಹಿಡಿದ. ಅನುಮಾನದ ಪದಾರ್ಥಕ್ಕೆ ಸತುವು ಮತ್ತು ಆಮ್ಲ ಸೇರಿಸಿದ್ರೆ ಆರ್ಸೀನ್ ಅನಿಲ ಬರುತ್ತೆ, ಅದನ್ನ ಕಾಯಿಸಿದ್ರೆ ಗಾಜಿನ ಮೇಲೆ ಕಪ್ಪು ಕನ್ನಡಿಯಂಥ ಪದರ ಕೂರುತ್ತೆ. ಅಲ್ಲಿಂದ ಮುಂದೆ ತಪ್ಪಿಸ್ಕೊಳ್ಳೋದು ಕಷ್ಟ ಆಯ್ತು. ನಮ್ಮ ವಿಷಯಕ್ಕೆ ಇದರಲ್ಲಿ ಬೇಕಾಗಿರೋದು ಇಷ್ಟು: ವಿಷ ಮನೆಯೊಳಗಿನ ಆಯುಧ. ಬಂದೂಕಿಗೆ ಶತ್ರು ಸಾಕು, ವಿಷಕ್ಕೆ ಊಟ ಹಾಕುವಷ್ಟು ನಂಬಿಕೆ ಬೇಕು. ಊಟ ಹಾಕೋದನ್ನೇ ಬದುಕು ಮಾಡ್ಕೊಂಡ ಟೀಟಾ ರೋಸಿಯ ಹೋಟೆಲ್‌ನಲ್ಲಿ, ಅವಳ ತಟ್ಟೆ ಮುಂದೆ ಒಬ್ಬ ಸತ್ತ ಅಂದ್ರೆ, ಪೊಲೀಸ್ ಕೇಸಿಗಿಂತ ದೊಡ್ಡ ಅವಮಾನ ಅದು.

ಚಿಸ್ಮಿಸ್ ಅನ್ನೋ ಯಂತ್ರ

ಈಗ ಪಾಠದ ಮುಖ್ಯ ಭಾಗ. ಯಾವುದೇ ಕೋಜಿ ಓದುವಾಗ ಎರಡು ಪ್ರಶ್ನೆ ಕೇಳ್ಕೊಳ್ಳಿ. ಪೊಲೀಸ್ ಇರುವಾಗ ಇವಳು ಯಾಕೆ ತಲೆ ಹಾಕ್ತಾಳೆ? ಪೊಲೀಸರಿಗೆ ಗೊತ್ತಾಗದ್ದು ಇವಳಿಗೆ ಹೇಗೆ ಗೊತ್ತಾಗುತ್ತೆ? ಬಹಳ ಕೋಜಿಗಳು ಮೊದಲ ಪ್ರಶ್ನೆಗೆ 'ಕುತೂಹಲ' ಅಂತ ಉತ್ತರ ಕೊಟ್ಟು ಜಾರ್ಕೊಳ್ತವೆ. ಈ ಸರಣಿ ಜಾರ್ಕೊಳ್ಳಲ್ಲ. ಮೊದಲ ಪುಸ್ತಕದಲ್ಲಿ ಲೀಲಾಳೇ ಆರೋಪಿ, ಹೋಟೆಲ್ ಹೋಗುತ್ತೆ. ಎರಡನೆಯದರಲ್ಲಿ ಊರಿನ ಸೌಂದರ್ಯ ಸ್ಪರ್ಧೆಯ ಮುಖ್ಯ ತೀರ್ಪುಗಾರನ ಕೊಲೆ, ಅನುಮಾನ ಬರ್ನಡೆಟ್ ಮೇಲೆ. ಮೂರನೆಯದರಲ್ಲಿ ವರ್ಷಗಟ್ಟಲೆ ಮನೆಗೆ ಮುಖ ತೋರಿಸದ ರೋಸಿಯ ಮಗ ರಾನಿ ವೈನ್ ತಯಾರಿಸೋ ಕಂಪನಿ ಇಟ್ಕೊಂಡು ವಾಪಸ್ ಬರ್ತಾನೆ, ಹಿಂದೆಯೇ ಹೆಣ ಬೀಳುತ್ತೆ. ನಾಲ್ಕನೆಯದರಲ್ಲಿ ಸತ್ತಿದ್ದು ನಿನಾಂಗ್ ಏಪ್ರಿಲ್‌ಳ ಸಂಬಂಧಿ ಹುಡುಗಿ. ಐದನೆಯದರಲ್ಲಿ ಜೋಳದ ಹಬ್ಬದ ಹೊತ್ತಲ್ಲಿ ಅದೀನಾ ಹೆಣದ ಪಕ್ಕ ಪ್ರಜ್ಞೆ ತಪ್ಪಿ ಬಿದ್ದಿರ್ತಾಳೆ, ಕೈಯಲ್ಲಿ ಚಾಕು. ಪ್ರತಿ ಸಲ ಬೆಂಕಿ ಮನೆಗೇ ಬಿದ್ದಿರುತ್ತೆ. ಕಾಯ್ತಾ ಕೂರೋ ಹಾಗಿಲ್ಲ.

ಫಿಲಿಪಿನೊಗಳಲ್ಲಿ ಒಂದು ಮಾತಿದೆ, ಉತಾಂಗ್ ನಾ ಲೋಓಬ್. ಉತಾಂಗ್ ಅಂದ್ರೆ ಸಾಲ, ಲೋಓಬ್ ಅಂದ್ರೆ ಒಳಗು. ಒಳಗಿನ ಸಾಲ. ಇಂಗ್ಲಿಷಲ್ಲಿ ಇದನ್ನ ವಿವರಿಸೋಕೆ ಪ್ಯಾರಾಗಟ್ಟಲೆ ಬರೀತಾರೆ. ಕನ್ನಡದಲ್ಲಿ ಎರಡಕ್ಷರ ಸಾಕು: ಋಣ. ಸಾಕಿದವರ ಋಣ, ಅನ್ನದ ಋಣ. ತೀರಿಸೋಕೆ ಆಗಲ್ಲ, ಹಾಗಂತ ಮರೆಯೋಕೂ ಆಗಲ್ಲ. ಲೀಲಾ ತನಿಖೆ ಮಾಡೋದು ಇದಕ್ಕೆ.

ಎರಡನೇ ಪ್ರಶ್ನೆಗೆ ಉತ್ತರ ಚಿಸ್ಮಿಸ್. ಅಂದ್ರೆ ಹರಟೆ, ಕಟ್ಟೆ ಪುರಾಣ. ಏಪ್ರಿಲ್, ಮೇ, ಜೂನ್ ಆಂಟಿಯರು ಊರಿಗೆಲ್ಲ ಹರಡಿದ ಸೆನ್ಸರ್ ನೆಟ್‌ವರ್ಕ್ ಇದ್ದ ಹಾಗೆ. ಯಾರ ಮನೆ ಮಾರಾಟಕ್ಕಿದೆ, ಯಾರ ಮಗ ಕೆಲಸ ಬಿಟ್ಟ, ಯಾರು ಯಾರ ಜೊತೆ ಮಾತು ಬಿಟ್ರು, ಎಲ್ಲ ಅಲ್ಲಿಗೆ ಬಂದು ಬೀಳುತ್ತೆ. ಪೊಲೀಸ್ ಕೇಳಿದ್ರೆ ಜನ ಬಾಯಿ ಮುಚ್ಕೊಳ್ತಾರೆ, ಆಂಟಿ ತಿಂಡಿ ಇಟ್ಟು ಕೇಳಿದ್ರೆ ಬಿಚ್ಕೊಳ್ತಾರೆ. ಆದರೆ ಯಾವ ಸೆನ್ಸರ್‌ಗೂ ನಾಯ್ಸ್ ಇರುತ್ತೆ. ಆಂಟಿಗೆ ಇಷ್ಟವಿಲ್ಲದವರೆಲ್ಲ ಕೊಲೆಗಾರರೇ, ಇಷ್ಟದವರ ತಪ್ಪು ಕಾಣೋದೇ ಇಲ್ಲ. ಓದುವಾಗ ನಾವು ಒಂದು ಆಟ ಆಡಿದ್ವಿ, ನೀವೂ ಆಡಿ. ಪುಸ್ತಕದ ಅಂಚಲ್ಲಿ (ಸ್ವಂತ ಪುಸ್ತಕ ಆದ್ರೆ ಮಾತ್ರ!) ಪ್ರತಿ ಸುದ್ದಿಗೂ ಗುರುತು ಹಾಕಿ: ಕಣ್ಣಾರೆ ಕಂಡಿದ್ದಾ, ಯಾರೋ ಹೇಳಿದ್ದಾ, ಅಥವಾ ಆಂಟಿಯ ಅಭಿಪ್ರಾಯವಾ? ಎರಡನೇ ಪುಸ್ತಕ ಓದುವಾಗ ಗೊತ್ತಾಗಿದ್ದು, ಲೀಲಾ ಎಡವೋದು ಮೂರನೇ ಜಾತಿಯನ್ನ ಮೊದಲನೇದು ಅಂದ್ಕೊಂಡಾಗ. ನಾವೂ ಅಲ್ಲೇ ಎಡವಿದ್ವಿ. ಐದು ಜನರಲ್ಲಿ ನಾಲ್ಕು ಜನ ತಪ್ಪು ವ್ಯಕ್ತಿಯನ್ನ ಜೈಲಿಗೆ ಕಳಿಸಿದ್ವಿ.

ಎರಡನೇ ಪುಸ್ತಕದ ಬಗ್ಗೆ ಇನ್ನೊಂದು ಮಾತು. ಕೋಜಿಗಳಲ್ಲಿ ಹೆಣ ನೋಡಿದ ನಾಯಕಿ ಮರುದಿನ ಆರಾಮಾಗಿ ಕೇಕ್ ಮಾಡ್ತಿರ್ತಾಳೆ. ಇಲ್ಲಿ ಹಾಗಾಗಲ್ಲ. ಮೊದಲ ಪುಸ್ತಕದಲ್ಲಿ ಆಗಿದ್ದು ಲೀಲಾಳ ಮೈಮನಸ್ಸಲ್ಲಿ ಕೂತಿದೆ, ತನ್ನದೇ ಕೆಫೆ ತೆರೆಯೋಕೆ ಅವಳ ಕೈಯಲ್ಲಿ ಆಗ್ತಾ ಇಲ್ಲ. ಮನೆ ತುಂಬ ಜನ, ಎಲ್ಲರಿಗೂ ಪ್ರೀತಿ, ಆದರೆ ಯಾರಿಗೂ ಹೇಳಲ್ಲ. ಎಲ್ಲರ ಗುಟ್ಟು ಗೊತ್ತಿರೋ ಮನೆಯಲ್ಲೇ ಒಂದು ಗುಟ್ಟು ಕಣ್ಣ ಮುಂದೆ ಕೂತಿರುತ್ತೆ, ಯಾರಿಗೂ ಕಾಣಲ್ಲ.

ನಮ್ಮ ಕಟ್ಟೆಯ ಜಗಳ

ಇಲ್ಲಿಗೆ ಬಂದಾಗ ಚರ್ಚೆ ಪುಸ್ತಕದಿಂದ ಹೊರಗೆ ಬಂತು. ಹೆಸರು ಹಾಕಬೇಡಿ ಅಂತ ಹೇಳಿ ಅವನೇ ಬರೆಯೋಕೆ ಒಪ್ಪಿದ್ದಾನೆ. ನಮ್ಮ ಐವರಲ್ಲಿ ಒಬ್ಬನಿಗೆ ಮೂರನೇ ಸೆಮ್‌ನಲ್ಲಿ ಮ್ಯಾಥ್ಸ್ ಬ್ಯಾಕ್ ಉಳೀತು. ಮನೆಗೆ ಹೇಳಲಿಲ್ಲ. ರಿಸಲ್ಟ್ ಇನ್ನೂ ಬಂದಿಲ್ಲ ಅಂದ. ಆಮೇಲೆ ರೀವ್ಯಾಲ್ಯುಯೇಷನ್ ಅಂದ. ಎರಡು ತಿಂಗಳು ಹೀಗೇ ನಡೀತು. ಮನೆಯಿಂದ ಫೋನ್ ಬಂದ್ರೆ ಕಾರಿಡಾರ್‌ಗೆ ಹೋಗಿ ನಗ್ತಾ ಮಾತಾಡ್ತಿದ್ದ, ವಾಪಸ್ ಬಂದು ಗೋಡೆ ಕಡೆ ತಿರುಗಿ ಮಲಗ್ತಿದ್ದ. ರೂಮಿನಲ್ಲಿದ್ದ ನಮಗೂ ಬ್ಯಾಕ್ ಅಂತ ಗೊತ್ತಿತ್ತು, ಇಷ್ಟು ಕೊರೀತಾ ಇದೆ ಅಂತ ಗೊತ್ತಿರಲಿಲ್ಲ.

ಒಂದು ಭಾನುವಾರ ಅವನ ಚಿಕ್ಕಮ್ಮನ ಫೋನ್. 'ಊಟ ಆಯ್ತೇನೋ?' ಅಂದ್ರಂತೆ. ಆಯ್ತು ಚಿಕ್ಕಮ್ಮ. 'ಏನ್ ಮಾಡಿದ್ರು ಇವತ್ತು ಮೆಸ್ಸಲ್ಲಿ?' ಪಲಾವ್. ಹೀಗೇ ಐದು ನಿಮಿಷ. ಆಮೇಲೆ, 'ಪರೀಕ್ಷೆಗೆ ಮತ್ತೆ ಫೀಸ್ ಕಟ್ಬೇಕಂತಲ್ಲ. ಅಪ್ಪನ್ನ ಕೇಳೋಕೆ ಆಗ್ದಿದ್ರೆ ನಾನ್ ಹಾಕ್ತೀನಿ ಕಣೋ, ಹೇಳು.' ಚಿಕ್ಕಮ್ಮನ ಪಕ್ಕದ ಮನೆಯ ಹುಡುಗಿ ನಮ್ಮ ಕಾಲೇಜಲ್ಲೇ ಓದ್ತಾಳೆ. ಅವಳಿಂದ ಅವಳ ಅಮ್ಮನಿಗೆ, ಅವರಿಂದ ಇವರಿಗೆ. ಕ್ಯಾಲೆಂಡರ್ ಕ್ರೂ ನಮ್ಮೂರಲ್ಲೂ ಇದೆ.

ನಮಗೆ ಇದು ಒಳ್ಳೇ ಕಥೆ ಅನ್ನಿಸ್ತು. ಅವನಿಗೆ ಅನ್ನಿಸಲಿಲ್ಲ. 'ಒಳ್ಳೇದೇ ಆಯ್ತು, ಆದ್ರೆ ನನ್ನ ಬ್ಯಾಕು ನಾನು ಹೇಳೋ ಮೊದಲೇ ಮೂರು ಮನೆ ಸುತ್ತಿ ಬಂದಿದೆ. ಅಪ್ಪನಿಗೆ ನಾನೇ ಹೇಳ್ಬೇಕು ಅಂತ ಇತ್ತು' ಅಂದ. ಗೆಳತಿ ಕೇಳಿದ್ಳು, 'ನೀನು ಹೇಳ್ತಿದ್ಯಾ?' ಅವನು ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು, 'ಗೊತ್ತಿಲ್ಲ' ಅಂದ.

ಇದಾದ ಮೇಲೆಯೇ ನಾವು ನಾಲ್ಕನೇ ಪುಸ್ತಕ ಶುರು ಮಾಡಿದ್ದು. ಅದರಲ್ಲಿ ಮನಾನ್ಸಾಲಾ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಮೂವರು ನಿನಾಂಗ್‌ಗಳು ಸೇರಿ ಬಟ್ಟೆ ಒಗೆಯುವ ಲಾಂಡ್ರೊಮ್ಯಾಟ್ ತೆರೀತಾರೆ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅನ್ನೋ ಅರ್ಥದ ಎಚ್ಚರಿಕೆಯನ್ನ ಯಾರೋ ಅಲ್ಲಿ ಬಳಿದು ಹೋಗ್ತಾರೆ. ಆಮೇಲೆ ಫಿಲಿಪೀನ್ಸ್‌ನಿಂದ ಹೊಸದಾಗಿ ಬಂದ ಆ ಹುಡುಗಿಯ ಹೆಣ ಅಲ್ಲೇ ಸಿಗುತ್ತೆ. ಮೂರು ಪುಸ್ತಕದಲ್ಲಿ ಕೇಸ್ ಬಿಡಿಸಿದ ಹರಟೆ, ನಾಲ್ಕನೆಯದರಲ್ಲಿ ತಾನೇ ಕಟಕಟೆಯಲ್ಲಿ ನಿಲ್ಲುತ್ತೆ. ಆಂಟಿಯರು ಇಷ್ಟು ವರ್ಷ ಯಾರ ಯಾರ ಬಾಳಲ್ಲಿ ಕೈ ಹಾಕಿದ್ರು, ಯಾರಿಗೆ ಅದರಿಂದ ನೋವಾಯ್ತು ಅನ್ನೋ ಪಟ್ಟಿಯನ್ನ ಲೀಲಾ ಮಾಡಬೇಕಾಗುತ್ತೆ. ತಾನು ಅತಿ ಪ್ರೀತಿಸೋ ಮೂವರು ಹೆಂಗಸರ ತಪ್ಪಿನ ಪಟ್ಟಿ ಅದು.

ಆಗಲೇ ಹೇಳಿದ್ವಲ್ಲ, ಕೋಜಿಯ ಪತ್ತೇದಾರಿಣಿ ಕೇಸ್ ಮುಗಿಸಿ ಹೊರಡೋ ಹಾಗಿಲ್ಲ ಅಂತ. ಅದರ ಭಾರ ಇಲ್ಲಿ ಗೊತ್ತಾಗುತ್ತೆ. ನಿನಾಂಗ್‌ಗೆ 'ನೀವು ಮಾಡಿದ್ದು ತಪ್ಪು' ಅಂತ ಹೇಳಿ, ಮರುದಿನ ಅದೇ ನಿನಾಂಗ್ ಬಡಿಸಿದ್ದನ್ನ ತಿನ್ನಬೇಕು.

ನಮ್ಮ ಅಭಿಪ್ರಾಯ ಕೇಳಿದ್ರೆ, ಲೇಖಕಿ ಆಂಟಿಯರನ್ನ ಸ್ವಲ್ಪ ಸುಲಭವಾಗಿ ಬಿಟ್ಟಿದ್ದಾರೆ. ನೋವು ಪಟ್ಟವರ ಮಾತು ಇನ್ನೊಂದೆರಡು ಅಧ್ಯಾಯ ಕೇಳಿಸಬೇಕಿತ್ತು. ಕೋಜಿಗೆ ಕೊನೆಯಲ್ಲಿ ಎಲ್ಲರೂ ಒಂದೇ ಟೇಬಲ್‌ಗೆ ಬರಲೇಬೇಕು, ಆ ಒತ್ತಡ ಇದ್ದೇ ಇರುತ್ತೆ. ಗೆಳತಿ ಒಪ್ಪಲಿಲ್ಲ. ಟೇಬಲ್‌ಗೆ ಬಂದವರು ಕ್ಷಮಿಸಿದ್ದಾರೆ ಅಂತ ಯಾಕೆ ಅಂದ್ಕೊಳ್ತೀರಿ, ಹಸಿದಿರಬಹುದು ಅಷ್ಟೇ ಅಂದ್ಳು. ಅವಳ ಓದು ನಮ್ಮದಕ್ಕಿಂತ ಚೆನ್ನಾಗಿದೆ ಅಂತ ಈಗ ಅನ್ಸುತ್ತೆ.

ಒಂದು ಪುಟ ಕನ್ನಡಕ್ಕೆ

ಕೊನೆಗೆ ಒಂದು ಅಭ್ಯಾಸ. ಮೊದಲ ಪುಸ್ತಕದ ಒಂದೇ ಒಂದು ಪುಟ ಕನ್ನಡಕ್ಕೆ ತರೋಣ ಅಂತ ಕೂತ್ವಿ. ಮೊದಲ ಸಾಲಲ್ಲೇ ಸಿಕ್ಕಿಹಾಕ್ಕೊಂಡ್ವಿ. ಟೀಟಾ ರೋಸಿಯನ್ನ ಏನಂತ ಬರೆಯೋದು? 'ರೋಸಿ ಆಂಟಿ' ಅಂದ್ರೆ ಪಕ್ಕದ ಮನೆಯವರು ಆಗಿಬಿಡ್ತಾರೆ. ಟೀಟಾ ಅನ್ನೋ ಪದ ಅಪ್ಪನ ಕಡೆಯವರಿಗೂ ಆಗುತ್ತೆ, ಅಮ್ಮನ ಕಡೆಯವರಿಗೂ ಆಗುತ್ತೆ. ಕನ್ನಡ ಅಷ್ಟಕ್ಕೆ ಬಿಡಲ್ಲ. ಅಪ್ಪನ ತಂಗಿ ಆದ್ರೆ ಅತ್ತೆ. ಅಮ್ಮನ ಅಕ್ಕ ಆದ್ರೆ ದೊಡ್ಡಮ್ಮ, ತಂಗಿ ಆದ್ರೆ ಚಿಕ್ಕಮ್ಮ. ಅತ್ತೆ ಅಂದ ಕೂಡಲೇ ಅವರ ಮಗ ರಾನಿ ಜೊತೆ ಲೀಲಾಳ ಮದುವೆ ಮಾತಾಡೋಕೆ ನಮ್ಮ ಓದುಗರೇ ಶುರು ಮಾಡ್ಬಿಡ್ತಾರೆ. ಒಂದು ಸಂಬಂಧದ ಪದದಲ್ಲಿ ನಮ್ಮ ಭಾಷೆ ಎಷ್ಟು ಮಾಹಿತಿ ತುಂಬಿಟ್ಟಿದೆ ಅಂತ ನಾವು ಯಾವತ್ತೂ ಯೋಚಿಸಿರಲಿಲ್ಲ. ಶಾಲೆಯಲ್ಲಿ ಎಲ್ಲರೂ ಆಂಟಿ, ಎಲ್ಲರೂ ಅಂಕಲ್, ಎಲ್ಲರೂ ಕಸಿನ್. ನಮ್ಮಲ್ಲಿ ಇಬ್ಬರಿಗೆ ಸೋದರತ್ತೆ ಅಂದ್ರೆ ಯಾರು ಅಂತ ಮನೆಗೆ ಫೋನ್ ಮಾಡಿ ಕೇಳಬೇಕಾಯ್ತು.

ಹಾಗೆ ಫೋನ್ ಮಾಡಿದವರಲ್ಲಿ ಆ ಬ್ಯಾಕ್‌ನವನೂ ಒಬ್ಬ. ಅವತ್ತು ಫೋನ್ ಎತ್ತಿದ್ದು ಅವನ ಅಪ್ಪ. ಸೋದರತ್ತೆ ಅಂದ್ರೆ ಯಾರು ಅಂತ ಕೇಳೋಕೆ ಹೋದವನು ನಲವತ್ತು ನಿಮಿಷ ಕಾರಿಡಾರ್‌ನಲ್ಲೇ ಇದ್ದ. ನಗೋ ಸದ್ದು ಕೇಳಿಸಲಿಲ್ಲ. ವಾಪಸ್ ಬಂದು, 'ಅಪ್ಪನ ಅಕ್ಕ ತಂಗಿ ಇಬ್ಬರೂ ಸೋದರತ್ತೆಯಂತೆ. ಬರ್ಕೊಳ್ಳಿ' ಅಂದ. ಬೇರೇನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅನುವಾದದಲ್ಲಿ ಟೀಟಾವನ್ನ ಟೀಟಾ ಅಂತಲೇ ಬಿಟ್ವಿ. ಪುಟ ಇನ್ನೂ ಅರ್ಧಕ್ಕೇ ನಿಂತಿದೆ. ಉಳಿದರ್ಧಕ್ಕೆ ಕೈ ಹಾಕೋರಿದ್ರೆ ಗುರುವಾರ ಸಂಜೆ ಕಟ್ಟೆಗೆ ಬನ್ನಿ, ಬರುವಾಗ ತಿನ್ನೋಕೆ ಏನಾದ್ರೂ ತನ್ನಿ.